ಸೂಜಿ ಹಾಕಿಸಿಕೊಂಡು ಬಿದ್ದ ಸೆಕ್ರೆಟರಿ ನಾನೇ

ದುದ್ದದ ಕಡೆ ಒಬ್ಬ ಹಾಲಿನ ಡೈರಿ ಸೆಕ್ರೆಟರಿ ಕೊರೋನಾ ಇಂಜೆಕ್ಷನ್ ಹಾಕಿಸಿಕೊಂಡ ಎರಡೇ ದಿನಕ್ಕೆ ಬಿದ್ದುಹೋದನಂತೆ ಎಂಬ ಮಾತನ್ನು ಆ ವರ್ಷ ನಮ್ಮ ಜಿಲ್ಲೆಯಲ್ಲಿ ಕೇಳಿದವರು ಬಹಳ ಜನ ಇರಬಹುದು. ಹೊಳೆನರಸೀಪುರದ ಬಸ್ಸುಗಳಲ್ಲಿ ಅವನು ಸತ್ತೇಹೋಗಿದ್ದ. ಚನ್ನರಾಯಪಟ್ಟಣದ ಹತ್ತಿರವಿರುವ ನನ್ನ ಹೆಂಡತಿಯ ತವರೂರಿನಲ್ಲಿ ಅವನಿಗೆ ಒಂದು ಕೈ, ಒಂದು ಕಾಲು ಬಿದ್ದುಹೋಗಿತ್ತು. ಆ ಸೆಕ್ರೆಟರಿ ನಾನೇ. ಕೈಕಾಲು ನೆಟ್ಟಗಿವೆ. ಏಣಿ ಹತ್ತಿದರೆ ಏದುಸಿರು ಬರುತ್ತದೆ, ಅಷ್ಟೇ.

ಕಾಯಿಲೆಯಿಂದ ಮಲಗಿ ಎದ್ದವರು ನಾಲ್ಕು ಜನಕ್ಕೆ ಧೈರ್ಯ ಬರಲಿ ಎಂದು ಬರೆಯುತ್ತಾರೆ. ನನ್ನ ಹತ್ತಿರ ಹಂಚುವಷ್ಟು ಧೈರ್ಯ ಇಲ್ಲ. ಕಾಯಿಲೆಯ ದಿನಗಳಲ್ಲಿ ಒಂದು ಸಣ್ಣ ವಿಷಯವನ್ನು ನಾಚಿಕೆಗೋ ಹೆದರಿಕೆಗೋ ಮುಚ್ಚಿಟ್ಟು, ಆಮೇಲೆ ಅದನ್ನು ಹೊರಗೆ ಹಾಕಲಾರದೆ ಒದ್ದಾಡಿದವರು ನನ್ನ ಹಾಗೆ ಇನ್ನೂ ಕೆಲವರು ಇರಬಹುದು. ಅವರಿಗಾಗಿ ಬರೆಯುತ್ತಿದ್ದೇನೆ.

ನಮ್ಮೂರು ದುದ್ದದಿಂದ ನಾಲ್ಕು ಮೈಲಿ. ರಾಗಿ, ತೆಂಗು, ಮನೆಗೆರಡು ಸೀಮೆ ಹಸು. ಬೆಳಿಗ್ಗೆ ಆರಕ್ಕೆ, ಸಂಜೆ ಐದೂವರೆಗೆ ಊರೆಲ್ಲ ಹಾಲು ತೆಗೆದುಕೊಂಡು ಡೈರಿ ಮುಂದೆ ಬರುತ್ತದೆ. ಹಾಲಿನ ಗುಣ ನೋಡಲು ಮಿಷನ್ ಇದೆ. ಆದರೆ ಮಿಷನ್ನಿಗೆ ಕೊಡುವ ಮುಂಚೆ ಪ್ರತಿಯೊಬ್ಬರ ಕ್ಯಾನಿನ ಮುಚ್ಚಳ ತೆಗೆದು ಮೂಸುವುದು ನನ್ನ ಅಭ್ಯಾಸ. ಹುಳಿ ತಿರುಗುವುದಕ್ಕೆ ಗಂಟೆ ಮುಂಚೆಯೇ ನನಗೆ ಗೊತ್ತಾಗುತ್ತಿತ್ತು. ಹಸು ಏನು ಮೇಯ್ದಿದೆ, ಕ್ಯಾನು ತೊಳೆದವರು ಅತ್ತೆಯೋ ಸೊಸೆಯೋ ಅನ್ನುವುದನ್ನೂ ಹೇಳುತ್ತೇನೆ ಎಂದು ಜನ ತಮಾಷೆ ಮಾಡುತ್ತಿದ್ದರು. ನನಗೂ ಅದರಲ್ಲಿ ಸ್ವಲ್ಪ ಜಂಬ ಇತ್ತು. ಕೊರೋನಾ ಬಂದಮೇಲೆ ಎಲ್ಲರಿಗೂ ಮಾಸ್ಕ್ ಕಡ್ಡಾಯ ಮಾಡಿದವನು ನಾನೇ. ಮೂಸಬೇಕಾದಾಗ ಮಾಸ್ಕನ್ನು ಗಲ್ಲಕ್ಕೆ ಇಳಿಸಿಕೊಳ್ಳುತ್ತಿದ್ದವನೂ ನಾನೇ. ದಿನಕ್ಕೆ ಎರಡು ಸಲ, ಎಂಬತ್ತು ಕ್ಯಾನು.

ಎರಡನೇ ಅಲೆ ಏಳುತ್ತಿದ್ದ ಹೊತ್ತಿಗೆ ನಲವತ್ತೈದು ದಾಟಿದವರಿಗೆಲ್ಲ ಲಸಿಕೆ ಎಂದು ಬಂತು. ನಮ್ಮೂರ ಆಶಾ ಕಾರ್ಯಕರ್ತೆ ಮಂಜುಳಾ ಪುಸ್ತಕ ಹಿಡಿದು ಮನೆಮನೆ ಸುತ್ತಿದಳು. ಒಬ್ಬರೂ ಹ್ಞೂಂ ಅನ್ನಲಿಲ್ಲ. ಗಂಡಸರಿಗೆ ಗಂಡಸುತನ ಹೋಗುತ್ತದೆ, ಎರಡು ವರ್ಷ ಬಿಟ್ಟು ಎಲ್ಲರೂ ಒಟ್ಟಿಗೆ ಸಾಯುತ್ತಾರೆ ಎಂದು ಫೋನಿನಲ್ಲಿ ಬಂದದ್ದನ್ನೆಲ್ಲ ಡೈರಿ ಕಟ್ಟೆಯ ಮೇಲೆ ಕೂತು ಓದುತ್ತಿದ್ದರು. ಅದಕ್ಕಿಂತ ಹೆಚ್ಚಾಗಿ ಅವರನ್ನು ಹಿಡಿದು ನಿಲ್ಲಿಸಿದ್ದು ಅವರಿಗೆ ಚೆನ್ನಾಗಿ ಗೊತ್ತಿದ್ದ ಇನ್ನೊಂದು ವಿಷಯ.

"ಸೆಕ್ಟ್ರಿ, ಕಾಲುಬಾಯಿ ಸೂಜಿ ಆಕ್ಸಿದ್ರೆ ಅಸ ಮೂರ್ ದಿನ ಸರ್ಯಾಗಿ ಆಲ್ ಕೊಡಾಕಿಲ್ಲ," ಎಂದ ನಿಂಗರಾಜ. ಡೈರಿಗೆ ಊರಿಗೇ ಹೆಚ್ಚು ಹಾಲು ಹಾಕುವ ಮನೆಯವನು, ಮಾತಿನಲ್ಲಿ ಮುಂದು. "ಮನುಸ್ರಿಗೆ ಆಕಿದ್ರೆ ಏನ್ ಕಮ್ಮಿ ಆಯ್ತದೋ ಯಾರ್ ಕಂಡವ್ರೆ?"

ಎಲ್ಲರೂ ನಕ್ಕರು. ನಾನೂ ನಕ್ಕೆ.

ಈ ಹಸುವಿನ ಸೂಜಿಯ ವಿಷಯದಲ್ಲಿ ನಮ್ಮೂರಲ್ಲಿ ಒಂದು ರೂಢಿ ಇದೆ. ದನದ ಡಾಕ್ಟರು ಕಾಲುಬಾಯಿ ಜ್ವರದ ಲಸಿಕೆಗೆ ಬಂದರೆ ಮೊದಲ ಸೂಜಿ ಡೈರಿ ಸೆಕ್ರೆಟರಿ ಮನೆಯ ಹಸುವಿಗೆ. ನನಗಿಂತ ಮುಂಚೆ ಇದ್ದ ಸೆಕ್ರೆಟರಿಯ ಕಾಲದಿಂದಲೂ ಹಾಗೇ. ಊರವರು ಅವತ್ತು ಸುಮ್ಮನೆ ನೋಡುತ್ತಾರೆ. ನನ್ನ ಹಸು ಮೇವು ತಿಂದು ಮೆಲುಕು ಹಾಕಿದರೆ ಮಾರನೇ ದಿನ ಉಳಿದ ಕೊಟ್ಟಿಗೆಗಳ ಬಾಗಿಲು ತೆರೆಯುತ್ತವೆ. ಈ ಸಲವೂ ಅದೇ ತೀರ್ಮಾನ ಆಯಿತು. ಯಾರು ಮೊದಲು ಹೇಳಿದರೋ ನೆನಪಿಲ್ಲ. ಸೆಕ್ಟ್ರಿ ಹಾಕಿಸಿಕೊಳ್ಳಲಿ, ಒಂದು ವಾರ ನೋಡೋಣ, ಆಮೇಲೆ ನಾವು ಎಂದರು. ಮಂಜುಳಾಗೆ ಖುಷಿಯೋ ಖುಷಿ. ಗುರುವಾರ ನರ್ಸಮ್ಮ ಬಂದು ಶಾಲೆ ಜಗುಲಿಯಲ್ಲಿ ಕೂರುವುದು ಎಂದು ಗೊತ್ತುಮಾಡಿದಳು.

ನನ್ನ ಅಕ್ಕ ಜಯಮ್ಮನಿಗೆ ಮಾತ್ರ ಆ ಒಂದು ವಾರ ಕಾಯುವುದು ಬೇಕಿರಲಿಲ್ಲ. ಅವ್ವ ಹೋದಾಗ ನನಗೆ ನಾಲ್ಕು ವರ್ಷ, ಅಕ್ಕನಿಗೆ ಹದಿನೈದು. ನನ್ನ ತಲೆ ಬಾಚಿ ಸ್ಕೂಲಿಗೆ ಕಳಿಸಿದವಳು ಅವಳೇ. ಅರಕಲಗೂಡು ಕಡೆಗೆ ಕೊಟ್ಟಿದ್ದೆವು. ಮಕ್ಕಳಾಗಲಿಲ್ಲ, ಭಾವನೂ ಬೇಗ ಹೋದರು. ನಾನು ಹೋಗಿ ಕರೆದುಕೊಂಡು ಬಂದು ನಮ್ಮ ಮನೆಯಿಂದ ಎರಡು ಮನೆ ಆಚೆ ಇರಿಸಿದೆ. ಎರಡು ಹಸು ಕಟ್ಟಿಕೊಂಡು ತನ್ನ ಪಾಡಿಗೆ ತಾನಿದ್ದಳು. ಸಕ್ಕರೆ ಕಾಯಿಲೆ ಇತ್ತು, ಅನ್ನ ಬಿಟ್ಟು ಮುದ್ದೆ ತಿನ್ನುತ್ತಿದ್ದಳು. ಸಕ್ಕರೆ ಇರುವವರು ಮೊದಲು ಹಾಕಿಸಿಕೊಳ್ಳಬೇಕಂತೆ ಅಕ್ಕ ಎಂದೆ.

"ನೀನ್ ಯೇಳಿದ್ರೆ ಆಯ್ತು ಕಣ್ಲಾ. ನೀನ್ ಆಕ್ಸ್ಕೊ, ನಿನ್ನಿಂದೇನೇ ನಾನು," ಎಂದಳು. ಆದರೆ ಅವಳ ಕೆಂದ ಹಸು ಇವತ್ತೋ ನಾಳೆಯೋ ಕರು ಹಾಕುವಂತಿತ್ತು. ಜ್ವರ ಬಂದು ಮಲಗಿಬಿಟ್ಟರೆ ಹಸು ನೋಡುವವರು ಯಾರು ಎಂದು ಅವಳೇ ಯೋಚಿಸಿ, ಒಂದು ಗುರುವಾರ ಮುಂದಕ್ಕೆ ಹಾಕಿದಳು. ನಾನೂ ಆಗಲಿ ಎಂದೆ.

ಆ ಗುರುವಾರಕ್ಕೆ ಎರಡು ದಿನ ಮುಂಚೆ, ಮಂಗಳವಾರ ಬೆಳಿಗ್ಗೆ, ಸುತ್ತಲಿನ ಊರುಗಳ ಹಾಲೆಲ್ಲ ಹೋಗಿ ಸೇರುವ ಶೀತಲ ಕೇಂದ್ರದಿಂದ ಫೋನ್ ಬಂತು. ನಮ್ಮ ಡೈರಿಯ ಒಂದು ಕ್ಯಾನು ಹುಳಿ, ವಾಪಸ್ ಕಳಿಸುತ್ತಿದ್ದೇವೆ ಎಂದರು. ಎಷ್ಟೋ ವರ್ಷದಲ್ಲಿ ಹಾಗೆ ಆಗಿರಲಿಲ್ಲ. ಬಿಸಿಲು ಜಾಸ್ತಿ, ವ್ಯಾನ್ ತಡ ಎಂದು ನನಗೆ ನಾನೇ ಹೇಳಿಕೊಂಡೆ. ಕ್ಯಾನು ವಾಪಸ್ ಬಂತು. ಮುಚ್ಚಳ ತೆಗೆದೆ. ಒಡೆದ ಹಾಲು ಗಡ್ಡೆ ಗಡ್ಡೆಯಾಗಿ ಕಣ್ಣಿಗೆ ಕಾಣುತ್ತಿದೆ. ಮೂಗಿಗೆ ಏನೂ ಇಲ್ಲ. ಬಗ್ಗಿ ಮುಖವನ್ನೇ ಒಳಗೆ ಇಟ್ಟೆ. ನೀರು ಮೂಸಿದ ಹಾಗೆ ಇತ್ತು. ಒಳಗೆ ಹೋಗಿ ನೆಲ ತೊಳೆಯುವ ಫಿನಾಯಿಲ್ ಬಾಟಲಿ ತೆರೆದು ಮೂಸಿದೆ. ಅದೂ ಇಲ್ಲ. ಮುಚ್ಚಳ ತಿರುಗಿಸಿ ಬಾಟಲಿಯನ್ನು ಮೂಲೆಗೆ ಇಟ್ಟೆ.

ಅದು ಏನೆಂದು ನನಗೆ ಗೊತ್ತಿತ್ತು. ಇಲ್ಲಿ ಸುಳ್ಳು ಹೇಳುವುದಿಲ್ಲ. ವಾಸನೆ ಹೋಗುವುದು ಕೊರೋನಾದ ಲಕ್ಷಣ ಎಂದು ಡೈರಿ ಗೋಡೆಗೆ ಕಾಗದ ಅಂಟಿಸಿದ್ದವನು ನಾನು. ಆದರೂ ನೆಗಡಿ ಎಂದುಕೊಂಡೆ. ಮೈ ಬೆಚ್ಚಗಿರಲಿಲ್ಲ, ಕೆಮ್ಮಿರಲಿಲ್ಲ, ಊಟ ಸೇರುತ್ತಿತ್ತು. ಹೇಳಿದರೆ ಡೈರಿಗೆ ಬೀಗ, ಎಂಬತ್ತು ಮನೆಯ ಹಾಲು ಚರಂಡಿಗೆ. ಅದಕ್ಕಿಂತ ದೊಡ್ಡ ಅಡ್ಡಿ ಗುರುವಾರದ್ದು. ಗುರುವಾರ ನಾನು ಹಿಂದೆ ಸರಿದರೆ ಸೆಕ್ಟ್ರಿಯೇ ಹೆದರಿದ ಅನ್ನುತ್ತಾರೆ, ಇನ್ನು ಈ ಊರಿನಲ್ಲಿ ಒಬ್ಬರೂ ಹಾಕಿಸಿಕೊಳ್ಳುವುದಿಲ್ಲ. ಹಾಗಾಗಿ ಊರಿನ ಒಳ್ಳೆಯದಕ್ಕೇ ಸುಮ್ಮನಿದ್ದೇನೆ ಎಂದು ನಂಬಿಕೊಂಡೆ. ಆ ಸಂಜೆಯೂ, ಮಾರನೇ ದಿನ ಎರಡು ಹೊತ್ತೂ ಡೈರಿ ತೆರೆದೆ. ಮೂಸದಿದ್ದರೆ ಜನ ಕೇಳುತ್ತಾರೆಂದು ಮಾಸ್ಕ್ ಇಳಿಸಿ ಪ್ರತಿ ಕ್ಯಾನಿಗೂ ಬಗ್ಗಿ, ಮೂಸಿದ ಹಾಗೆ ನಟಿಸಿದೆ. ನಿಂಗರಾಜನ ತಾಯಿ ಪುಟ್ಟತಾಯಮ್ಮ ಬುಧವಾರ ಸಂಜೆ ತಾನೇ ಹಾಲು ತಂದಿದ್ದರು. ಎಪ್ಪತ್ತು ದಾಟಿದ ಹೆಂಗಸು, ಕಿವಿ ಮಂದ. "ಎಂಗಯ್ತೆ ಆಲು?" ಎಂದು ಕೇಳಿದರು. ಅವರ ಕಿವಿಗೆ ಬಾಯಿ ಹತ್ತಿರ ತಂದು, ಚೆನ್ನಾಗದೆ ಕಣವ್ವ ಎಂದೆ. ಮಾಸ್ಕ್ ಗಲ್ಲದಲ್ಲೇ ಇತ್ತು.

ಗುರುವಾರ ಶಾಲೆ ಜಗುಲಿಯ ಕೆಳಗೆ ಅರ್ಧ ಊರು ನಿಂತಿತ್ತು, ನೋಡುವುದಕ್ಕೆ. ಒಂದು ಬಾಟಲಿಯಲ್ಲಿ ಹತ್ತು ಜನಕ್ಕಾಗುವಷ್ಟು ಔಷಧಿ, ಹತ್ತು ಜನ ಸೇರದೆ ಒಡೆಯಲಾರೆ ಎಂದರು ನರ್ಸಮ್ಮ. ನಾನು, ನನ್ನ ಹೆಂಡತಿ ಭಾಗ್ಯ, ಮಂಜುಳಾಳ ಅತ್ತೆ ಮಾವ, ಮೇಷ್ಟ್ರು, ಹೀಗೆ ಹೇಗೋ ಹತ್ತು ತುಂಬಿಸಿದೆವು. ಜ್ವರ, ಕೆಮ್ಮು, ನೆಗಡಿ ಏನಾದರೂ ಇದೆಯಾ ಎಂದು ನರ್ಸಮ್ಮ ಕೇಳಿದರು. ಇಲ್ಲ ಎಂದೆ. ತೋಳು ಚಾಚಿದೆ. ನೋವೇ ಆಗಲಿಲ್ಲ. ಎದ್ದು ನಿಂತು ಜನರ ಕಡೆ ಕೈ ಎತ್ತಿ ತೋರಿಸಿದೆ. ಚಪ್ಪಾಳೆ ಬಿತ್ತು. ಅಕ್ಕ ಸೆರಗು ಬಾಯಿಗೆ ಅಡ್ಡ ಹಿಡಿದು ನಗುತ್ತಾ ನಿಂತಿದ್ದಳು.

ಶುಕ್ರವಾರ ಜ್ವರ ಬಂತು. ಎಲ್ಲರಿಗೂ ಬರುತ್ತದೆ ಎಂದು ಮಾತ್ರೆ ನುಂಗಿದೆ. ಶನಿವಾರ ಬೆಳಿಗ್ಗೆ ಹಾಲು ಅಳೆಯುತ್ತಿದ್ದವನು ಅಲ್ಲೇ ಕುಸಿದೆ, ಊರೆಲ್ಲ ಕ್ಯಾನು ಹಿಡಿದು ಸಾಲಾಗಿ ನಿಂತಿದ್ದಾಗ. ಆಂಬುಲೆನ್ಸಿಗೆ ಹತ್ತಿಸುವಾಗ ಯಾರೋ ಹೆಂಗಸು ಕೂಗಿದ್ದು ಈಗಲೂ ಕಿವಿಯಲ್ಲಿದೆ. "ಅಯ್ಯೋ, ನೋಡ್ರವ್ವ, ಸೂಜಿ ಸೆಕ್ಟ್ರೀನ್ ತಕ್ಕೊಂಡ್ಬುಡ್ತು!"

ಹಾಸನದ ಆಸ್ಪತ್ರೆಯ ಮೊಗಸಾಲೆಯಲ್ಲಿ ಕುರ್ಚಿ ಖಾಲಿ ಇರಲಿಲ್ಲ. ನೆಲದ ಮೇಲೆ ಕೂತೆ. ಎದುರಿಗೆ ಒಬ್ಬರು ಮುದುಕರು ಗೋಡೆಗೆ ಒರಗಿ ಬಾಯಿ ತೆರೆದುಕೊಂಡು ಉಸಿರೆಳೆಯುತ್ತಿದ್ದರು, ಅವರ ಮಗಳು ರಟ್ಟಿನಲ್ಲಿ ಗಾಳಿ ಬೀಸುತ್ತಿದ್ದಳು. ಬೀಸುವುದನ್ನು ನಿಲ್ಲಿಸಿದ್ದು ಯಾವಾಗ ಎಂದು ನಾನು ಗಮನಿಸಲಿಲ್ಲ. ನೋಡಿದಾಗ ಅವಳು ರಟ್ಟನ್ನು ತೊಡೆಯ ಮೇಲೆ ಇಟ್ಟುಕೊಂಡು ಸುಮ್ಮನೆ ಕೂತಿದ್ದಳು. ನನಗೆ ಅಲ್ಲಿಂದ ಎದ್ದು ಓಡಬೇಕು ಅನ್ನಿಸಿತು. ಅಷ್ಟರಲ್ಲಿ ನನ್ನ ಹೆಸರು ಕೂಗಿದರು.

ಡಾಕ್ಟರು ಚಿಕ್ಕ ವಯಸ್ಸಿನವರು. ಕೇಳಿದ ಮೊದಲ ಪ್ರಶ್ನೆ, "ಯಾವತ್ತಿಂದ ಶುರುವಾಯ್ತು?"

ಪಕ್ಕದಲ್ಲಿ ನಿಂಗರಾಜ ನಿಂತಿದ್ದ. ಆಂಬುಲೆನ್ಸಿನ ಹಿಂದೆ ಬೈಕಿನಲ್ಲಿ ಬಂದಿದ್ದ, ಪಾಪ, ಒಳ್ಳೆಯ ಮನುಷ್ಯ. "ಶುಕ್ರವಾರದಿಂದ ಸಾರ್, ಇಂಜೆಕ್ಷನ್ ಆದ ಮಾರನೇ ದಿನ," ಎಂದೆ. ನಿಂಗರಾಜ ತಲೆ ಆಡಿಸಿದ. ಡಾಕ್ಟರು ಬರೆದುಕೊಂಡರು. ಎದೆಯ ಫೋಟೋ ನೋಡಿದ ಮೇಲೆ ಅವರ ಹುಬ್ಬು ಗಂಟಿಕ್ಕಿತು, ಆದರೆ ಅವತ್ತು ಅವರಿಗೆ ಇನ್ನೊಂದು ಪ್ರಶ್ನೆ ಕೇಳುವಷ್ಟು ಪುರಸೊತ್ತು ಇರಲಿಲ್ಲ.

ಹನ್ನೊಂದು ದಿನ ಆಕ್ಸಿಜನ್ ಮೇಲಿದ್ದೆ. ವಾರ್ಡಿನಲ್ಲಿ ನನಗೆ ನೆನಪಿರುವುದು ಸದ್ದು. ಸಿಲಿಂಡರು ಉರುಳಿಸಿಕೊಂಡು ಬರುವ ಸದ್ದು ಕೇಳಿದರೆ ಎಲ್ಲ ಹಾಸಿಗೆಗಳೂ ಆ ಕಡೆ ತಿರುಗುತ್ತಿದ್ದವು. ಹೊಟ್ಟೆಯ ಮೇಲೆ ಮಲಗಬೇಕೆಂದು ಹೇಳಿದ್ದರು. ಮುಖ ಪಕ್ಕಕ್ಕೆ ತಿರುಗಿಸಿದರೆ ಕಾಣುತ್ತಿದ್ದುದು ಪಕ್ಕದ ಹಾಸಿಗೆಯವರ ಕೈ. ಒಬ್ಬರು ಆಯಾ ಇದ್ದರು, ಮೈತುಂಬ ಪ್ಲಾಸ್ಟಿಕ್ಕು, ಮುಖ ಒಂದು ದಿನವೂ ಕಾಣಲಿಲ್ಲ. ಮಧ್ಯಾಹ್ನ ಗಂಜಿ ಕುಡಿಸುವಾಗ "ಇನ್ನೊಂದ್ ಗುಟುಕು, ನಮ್ಮಪ್ಪ ಅಲ್ವಾ" ಅನ್ನುತ್ತಿದ್ದರು. ನನಗಿಂತ ಚಿಕ್ಕವರಿರಬೇಕು. ಆ ಒಂದು ಮಾತಿಗೆ ದಿನಾ ಕಾಯುತ್ತಿದ್ದೆ.

ಐದನೇ ದಿನ ಪಕ್ಕದ ಹಾಸಿಗೆಗೆ ಹೊಳೆನರಸೀಪುರದ ಬಸ್ ಕಂಡಕ್ಟರ್ ಒಬ್ಬರು ಬಂದರು. ಮಾತುಗಾರ. ಮಾಸ್ಕಿನ ಒಳಗಿಂದಲೇ ತಡೆದು ತಡೆದು ಮಾತಾಡುತ್ತಿದ್ದರು. ಇಂಜೆಕ್ಷನ್ ಆಗಿತ್ತಾ ಎಂದು ಕೇಳಿದೆ.

"ನಂದು ಬುಡಿ, ಟೈಮೇ ಸಿಗ್ನಿಲ್ಲ. ಮೊನ್ನೆ ನಮ್ಮನೆಯವ್ರು, ನಮ್ಮತ್ತೆ ಇಬ್ರೂ ಒಂಟು ನಿಂತಿದ್ರು. ನಾನೇ ಬ್ಯಾಡ ಅಂದೆ. ದುದ್ದದ ಕಡೆ ಒಬ್ಬ ಡೈರಿ ಸೆಕ್ಟ್ರಿ ಆಕ್ಸ್ಕೊಂಡು ಎಲ್ಡೇ ದಿನಕ್ಕೆ ಸತ್ತೋದ್ನಂತೆ ಸಾ. ಗಟ್ಟಿಮುಟ್ಟಾಗಿದ್ನಂತೆ. ಬಸ್ಸಲ್ಲೆಲ್ಲ ಅದೇ ಮಾತು."

ನಾನೇ ಅವನು, ಬದುಕಿದ್ದೇನೆ, ನನಗೆ ಮುಂಚೆಯೇ ಕಾಯಿಲೆ ಇತ್ತು ಎಂದು ಅಲ್ಲೇ ಹೇಳಬಹುದಿತ್ತು. ಕೈ ಚಾಚಿದರೆ ಮುಟ್ಟುವಷ್ಟು ದೂರದಲ್ಲಿದ್ದರು ಮನುಷ್ಯ. ಮನೆಗೆ ಫೋನ್ ಮಾಡಿಸಿ, ಹಾಕಿಸಿಕೊಳ್ಳಿ ಎಂದು ಹೇಳಿಸಬಹುದಿತ್ತು. ಮುಖ ಆ ಕಡೆ ತಿರುಗಿಸಿ ಮಲಗಿದೆ. ಮಾರನೇ ದಿನ ಬೆಳಿಗ್ಗೆ ಅವರನ್ನು ಐಸಿಯುಗೆ ಸಾಗಿಸಿದರು. ಹೋಗುವಾಗ ನನ್ನ ಕಡೆ ಹೆಬ್ಬೆರಳು ಎತ್ತಿ ತೋರಿಸಿದರು. ಆಮೇಲೆ ಅವರ ಸುದ್ದಿ ಗೊತ್ತಾಗಲಿಲ್ಲ, ನಾನು ಕೇಳಲೂ ಇಲ್ಲ.

ಅವತ್ತೇ ಸಂಜೆ ಭಾಗ್ಯ ಫೋನಿನಲ್ಲಿ ಎರಡು ಸುದ್ದಿ ಹೇಳಿದಳು. ಪುಟ್ಟತಾಯಮ್ಮ ತೀರಿಕೊಂಡರು, ಮೂರು ದಿನ ಜ್ವರ, ಆಸ್ಪತ್ರೆಗೆ ಸೇರಿಸುವಷ್ಟರಲ್ಲೇ ಹೋದರು. ಎರಡನೆಯದು, ಅವತ್ತು ಗುರುವಾರವಲ್ಲವೇ, ನರ್ಸಮ್ಮ ಬಂದಿದ್ದರು, ಒಬ್ಬರೂ ಹೋಗಲಿಲ್ಲ, ಬಾಟಲಿ ಒಡೆಯದೆ ಲಸಿಕೆ ಪೆಟ್ಟಿಗೆ ತೆಗೆದುಕೊಂಡು ವಾಪಸ್ ಹೋದರು. "ಅಕ್ಕನೂ ಓಗ್ನಿಲ್ಲ ಕಣ್ರೀ," ಎಂದಳು ಭಾಗ್ಯ. "ನನ್ ತಮ್ಮನ್ನ ಮಲಗಿಸಿರೋ ಸೂಜಿ ನಂಗ್ ಬ್ಯಾಡ ಅಂದ್ರು. ದೇವ್ರಿಗೆ ಮುಡಿಪು ಕಟ್ಟವ್ರೆ ನಿಮ್ಮೆಸ್ರಲ್ಲಿ."

ಜೊತೆಗೆ ಹಾಕಿಸಿಕೊಂಡ ಉಳಿದ ಒಂಬತ್ತು ಜನ ಹೇಗಿದ್ದಾರೆ ಎಂದು ಕೇಳಿದೆ. ಚೆನ್ನಾಗಿದ್ದರು, ಭಾಗ್ಯಳೂ ಸೇರಿ. ಒಂದು ದಿನ ಮೈಕೈ ನೋವು, ಮಾರನೇ ದಿನ ಹೊಲದ ಕೆಲಸ. ಆದರೆ ಆ ಒಂಬತ್ತು ಜನರನ್ನು ಯಾರೂ ನೋಡುತ್ತಿರಲಿಲ್ಲ. ಊರು ನೋಡುತ್ತಿದ್ದುದು ಸೆಕ್ಟ್ರಿಯನ್ನು, ಹಸುವನ್ನು ನೋಡುವ ಹಾಗೆ.

ಡಿಸ್ಚಾರ್ಜ್ ದಿನ ಡಾಕ್ಟರು ಮತ್ತೆ ಕೇಳಿದರು. "ನಿಜ ಹೇಳಿ, ಸೂಜಿಗೆ ಮುಂಚೆ ಏನೂ ಇರ್ಲಿಲ್ವಾ? ಎದೆ ಅಷ್ಟು ಬೇಗ ಹಾಗಾಗಲ್ಲ." ಆಗ ಒಬ್ಬನೇ ಇದ್ದೆ. ವಾಸನೆ ಹೋಗಿತ್ತು ಸಾರ್, ಎರಡು ದಿನ ಮುಂಚೆ ಎಂದೆ. ಅವರು ಬೈಯಲಿಲ್ಲ. ಪೆನ್ನು ತೆಗೆದು ಹಿಂದೆ ಬರೆದಿದ್ದನ್ನು ಹೊಡೆದು ಹಾಕಿದರು. "ಊರಿಗೆ ಹೋಗಿ ಇದನ್ನು ನಾಲ್ಕು ಜನಕ್ಕೆ ಹೇಳಿಬಿಡಿ. ಅಷ್ಟು ಮಾಡಿ ಸಾಕು," ಎಂದರು. ಹ್ಞೂಂ ಎಂದು ಕೈ ಮುಗಿದು ಬಂದೆ.

ಹೇಳಲಿಲ್ಲ. ಊರಿಗೆ ಬಂದ ಮೊದಲ ಗುರುವಾರ ಎದ್ದು ಕೂರಲು ತ್ರಾಣ ಇರಲಿಲ್ಲ. ಎರಡನೇ ಗುರುವಾರ ತ್ರಾಣ ಇತ್ತು. ಕಿಟಕಿಯಿಂದ ಶಾಲೆ ಜಗುಲಿ ಕಾಣುತ್ತದೆ. ನೀಲಿ ಪೆಟ್ಟಿಗೆ ಪಕ್ಕದಲ್ಲಿಟ್ಟುಕೊಂಡು ನರ್ಸಮ್ಮ, ಮಂಜುಳಾ ಇಬ್ಬರೇ ಕೂತಿದ್ದರು. ಬೀದಿಯಲ್ಲಿ ಒಂದು ನರಪಿಳ್ಳೆ ಇಲ್ಲ. ಬೆಳಿಗ್ಗೆ ಹಾಲು ಹಾಕಿದವರೇ ಬಾಗಿಲಿಗೆ ಬೀಗ ಹಾಕಿ ಹೊಲಕ್ಕೆ ಹೋಗಿಬಿಟ್ಟಿದ್ದರು. ಆ ಹೊತ್ತಿಗೆ ಊರಲ್ಲಿ ಇನ್ನಿಬ್ಬರು ಕೊರೋನಾಗೆ ತೀರಿಕೊಂಡಿದ್ದರು. ಅವರಿಬ್ಬರೂ ಸೂಜಿ ಹಾಕಿಸಿಕೊಂಡವರಲ್ಲ. ಆದರೂ ಊರಿನ ಹೆದರಿಕೆ ಪೆಟ್ಟಿಗೆಯ ಕಡೆಗೇ ಇತ್ತು.

ಮಧ್ಯಾಹ್ನ ಮಂಜುಳಾ ನಮ್ಮ ಮನೆಗೆ ಬಂದು ಬಾಗಿಲಲ್ಲೇ ಕೂತು ಅತ್ತಳು. "ಅಣ್ಣ, ನಿಂಗರಾಜಣ್ಣ ನಾಯಿ ಛೂ ಬುಟ್ಟ. ಕೊಲೆಗಾತಿ ಅಂತಾರೆ ನನ್ನ. ನೀವೊಂದ್ ಮಾತು ಯೇಳಣ್ಣ, ಸೂಜಿಯಿಂದ ಅಲ್ಲ ಅಂತ. ನಿಮ್ ಮಾತ್ ಕೇಳ್ತಾರೆ."

"ಸ್ವಲ್ಪ ಸುಧಾರಿಸ್ಕೋತೀನಿ ಕಣವ್ವ, ಯೇಳ್ತೀನಿ," ಎಂದೆ.

ಹೇಳುವುದು ಎರಡು ಮಾತಿನ ಕೆಲಸ. ಆದರೆ ಮೊದಲ ಮಾತು ಹೇಳಿದರೆ ಎರಡನೆಯದು ತಾನಾಗಿ ಬರುತ್ತದೆ. ಸೂಜಿಗಿಂತ ಮುಂಚೆಯೇ ಕಾಯಿಲೆ ಇತ್ತು ಅಂದರೆ, ಆ ಎರಡು ದಿನ ಡೈರಿಯಲ್ಲಿ ಮಾಸ್ಕ್ ಇಳಿಸಿಕೊಂಡು ಬಗ್ಗಿದ್ದು ಯಾರು? ಪುಟ್ಟತಾಯಮ್ಮನಿಗೆ ಎಲ್ಲಿಂದ ಅಂಟಿತು ಎನ್ನುವುದು ಇವತ್ತಿಗೂ ನನಗೆ ಗೊತ್ತಿಲ್ಲ. ಅವರು ಆ ವಾರ ಮದುವೆ ಮನೆಗೂ ಹೋಗಿದ್ದರು. ಆದರೆ ಊರು ಮದುವೆ ಮನೆಯನ್ನು ಹಿಡಿಯುವುದಿಲ್ಲ, ನನ್ನನ್ನು ಹಿಡಿಯುತ್ತದೆ. ಸೆಕ್ರೆಟರಿ ಕೆಲಸ ಹೋಗುತ್ತದೆ, ನಿಂಗರಾಜನ ಮುಖ ನೋಡಲಾಗುವುದಿಲ್ಲ. ಹೀಗೆ ಲೆಕ್ಕ ಹಾಕುತ್ತಾ ಮೂರನೇ ಗುರುವಾರ ಕಳೆಯಿತು, ನಾಲ್ಕನೆಯದೂ ಕಳೆಯಿತು.

ಅಕ್ಕನಿಗೆ ಮಾತ್ರ ಹೇಗಾದರೂ ಹಾಕಿಸಬೇಕೆಂದು ಬೇರೆ ಬೇರೆ ದಾರಿ ಹುಡುಕಿದೆ. ಸತ್ಯವೊಂದನ್ನು ಬಿಟ್ಟು ಎಲ್ಲ ಹೇಳಿದೆ. ಡಾಕ್ಟರು ಹೇಳಿದ್ದಾರೆ, ಸರ್ಕಾರ ಹೇಳಿದೆ, ಟಿವಿಯಲ್ಲಿ ಬಂದಿದೆ, ಭಾಗ್ಯಳಿಗೆ ಏನೂ ಆಗಲಿಲ್ಲವಲ್ಲ ಎಂದೆ. ಅವಳು ನನಗೆ ಮೆಣಸಿನ ಸಾರು ಕುಡಿಸುತ್ತಾ ಕೇಳಿಸಿಕೊಳ್ಳುತ್ತಿದ್ದಳು.

"ನಿನ್ನ ನೋಡಿದ್ ಕಣ್ಣಿಂದ ಓಗಿ ತೋಳ್ ಕೊಡ್ಲೇನ್ಲಾ? ನೀನ್ ಸುಮ್ಕೆ ಕುಡಿ," ಎನ್ನುತ್ತಿದ್ದಳು.

ಐದನೇ ವಾರ ನಾನು ಮತ್ತೆ ಡೈರಿಯಲ್ಲಿ ಕೂರತೊಡಗಿದೆ. ಆರನೇ ಗುರುವಾರದ ಬೆಳಿಗ್ಗೆ ಅಕ್ಕ ಡೈರಿಗೆ ಹಾಲು ತರಲಿಲ್ಲ. ಹೋಗಿ ನೋಡಿದರೆ ಕೊಟ್ಟಿಗೆಯಲ್ಲಿ ಹಸು ಕೆಚ್ಚಲು ಬಿಗಿದು ಒದರುತ್ತಿತ್ತು. ಅಕ್ಕ ಒಳಗೆ ಗೋಡೆಗೆ ಒರಗಿ ಕೂತಿದ್ದಳು, ಕಂಬಳಿ ಹೊದ್ದು, ಬಿಸಿಲಿನ ದಿನದಲ್ಲಿ. ಹಣೆ ಮುಟ್ಟಿದೆ. ಎಷ್ಟು ದಿನ ಆಯಿತು ಎಂದೆ. ನಾಲ್ಕು ದಿನ ಎಂದಳು. ಯಾಕೆ ಹೇಳಲಿಲ್ಲ ಎಂದು ಕೂಗಾಡಿದೆ.

"ಆಸ್ಪತ್ರೆಗೆ ಒಯ್ದ್ರೆ ಸೂಜಿ ಆಕ್ತಾರೆ ಅಂತ," ಎಂದಳು.

ಅವಳನ್ನು ಕಾರಿಗೆ ಹತ್ತಿಸುವಾಗ ನರ್ಸಮ್ಮ ಪೆಟ್ಟಿಗೆ ಹಿಡಿದು ಶಾಲೆ ಕಡೆ ಹೋಗುತ್ತಿದ್ದರು. ನಿಂತು ನಮ್ಮನ್ನು ನೋಡಿದರು. ನಾನು ತಲೆ ತಗ್ಗಿಸಿದೆ.

ಅದೇ ಆಸ್ಪತ್ರೆ, ಅದೇ ಮೊಗಸಾಲೆ, ಅದೇ ಡಾಕ್ಟರು. ನನ್ನ ಗುರುತು ಸಿಕ್ಕಿತು ಅವರಿಗೆ. ಅಕ್ಕನ ಬೆರಳಿಗೆ ಕ್ಲಿಪ್ಪು ಹಾಕಿ ನೋಡಿ, "ಇವರಿಗೆ ವ್ಯಾಕ್ಸಿನ್ ಆಗಿದೆಯಾ?" ಎಂದರು. ಅಕ್ಕನೇ ಮಾಸ್ಕ್ ಸರಿಸಿ ನನ್ನ ಪರವಾಗಿ ಹೇಳಿದಳು.

"ಇಲ್ಲ ಸಾ. ನನ್ ತಮ್ಮ ಆಕ್ಸ್ಕೊಂಡು ಸಾಯಂಗಾಗಿದ್ದ. ಅದ್ಕೇ ನಾನ್ ಆಕ್ಸ್ಕಳ್ನಿಲ್ಲ. ಅವ್ನೇನೋ ಆಕ್ಸ್ಕೊ ಆಕ್ಸ್ಕೊ ಅಂತ್ಲೇ ಇದ್ದ, ಅವ್ನ್ ತೆಪ್ಪಿಲ್ಲ."

ಡಾಕ್ಟರು ನನ್ನನ್ನು ನೋಡಿದರು. ಆ ನೋಟಕ್ಕಿಂತ ಎರಡು ಏಟು ಹೊಡೆದಿದ್ದರೆ ಚೆನ್ನಾಗಿತ್ತು. ಅವರು ಆಚೆ ಹೋದ ಮೇಲೆ ಅಕ್ಕನ ಪಕ್ಕ ಮೊಣಕಾಲೂರಿ ಕೂತು ಎಲ್ಲವನ್ನೂ ಹೇಳಿದೆ. ಮಂಗಳವಾರದ ಕ್ಯಾನು, ಫಿನಾಯಿಲ್ ಬಾಟಲಿ, ನಟಿಸಿದ್ದು, ಪುಟ್ಟತಾಯಮ್ಮನ ಕಿವಿ, ಕಂಡಕ್ಟರ್, ಒಂದನ್ನೂ ಬಿಡಲಿಲ್ಲ. ಸೂಜಿಯಿಂದ ಅಲ್ಲ ಅಕ್ಕ, ನನಗೆ ಮೊದಲೇ ಬಂದಿತ್ತು, ಹೇಳಲಿಲ್ಲ ಎಂದೆ. ಅತ್ತೆ. ಸುತ್ತ ಜನ ಇದ್ದರು, ನಾಚಿಕೆ ಆಗಲಿಲ್ಲ.

ಬೈದರೆ ಸಾಕು ಎಂದು ಕಾಯುತ್ತಿದ್ದೆ. ಅಕ್ಕ ನನ್ನ ತೋಳು ಹಿಡಿದು ಹತ್ತಿರಕ್ಕೆ ಎಳೆದುಕೊಂಡಳು.

"ಇದ್ನ ಊರಲ್ಲಿ ಬಾಯ್ ಬುಡ್ಬ್ಯಾಡ ಕಣ್ಲಾ. ನಿಂಗರಾಜ ಸುಮ್ಕಿರಾಕಿಲ್ಲ. ಅವ್ರವ್ವನ್ ಸಾವು ನಿನ್ ತಲೇಗ್ ಕಟ್ತಾನೆ. ನಂಗ್ ಯೇಳ್ದ್ಯಲ್ಲ, ಸಾಕು."

ಅವಳು ನನ್ನ ಜೊತೆ ಆಡಿದ ಕೊನೆಯ ಮಾತು ಅದು. ಸಂಜೆಗೆ ಒಳಗೆ ಕರೆದುಕೊಂಡು ಹೋದರು. ಆರನೇ ದಿನ ಮಧ್ಯಾಹ್ನ ಅಕ್ಕ ಹೋದಳು ಎಂದು ಬಂದು ಹೇಳಿದರು. ಮೊದಲ ವಾರವೇ ಹಾಕಿಸಿದ್ದರೆ ಉಳಿಯುತ್ತಿದ್ದಳಾ ಎಂದು ಡಾಕ್ಟರನ್ನು ಕೇಳಿದೆ. ಖಂಡಿತ ಅಂತ ಹೇಳಲಾರೆ, ಉಳಿಯುವ ಸಾಧ್ಯತೆ ಹೆಚ್ಚಿರುತ್ತಿತ್ತು ಎಂದರು. ಸುಳ್ಳು ಸಮಾಧಾನ ಹೇಳಲಿಲ್ಲ ಅವರು, ಅದಕ್ಕೆ ನಾನು ಋಣಿ.

ಮಣ್ಣು ಮಾಡುವಾಗ ನಾಲ್ಕೇ ಜನ ಇದ್ದೆವು. ಒಂದು ವಾರ ಮನೆಯಲ್ಲಿ ಕೂತೆ. ಊರಲ್ಲಿ ಹೊಸ ಮಾತು ಹುಟ್ಟಿತ್ತು: ಸೆಕ್ಟ್ರಿ ಮೈಯಲ್ಲಿದ್ದ ಸೂಜಿ ವಿಷ ಅಕ್ಕನಿಗೂ ದಾಟಿತಂತೆ. ಸತ್ತ ಅಕ್ಕನನ್ನೂ ಪೆಟ್ಟಿಗೆಯ ವಿರುದ್ಧ ಸಾಕ್ಷಿಗೆ ನಿಲ್ಲಿಸಿದ್ದರು. ಸೂತಕದ ಮನೆಗೆ ಮಾತಾಡಿಸಲು ಬಂದ ನಿಂಗರಾಜ ಅಂಗಳದಲ್ಲೇ ನಿಂತು, "ಪಾಪ, ನಿನ್ ದೆಸೆಯಿಂದಾದ್ರೂ ನಮ್ಗೆ ಬುದ್ಧಿ ಬಂತು ಸೆಕ್ಟ್ರಿ. ನಮ್ಮನೇಲಿ ಒಬ್ರಿಗೂ ಮುಟ್ಸಾಕಿಲ್ಲ ಅದ್ನ," ಎಂದ. ಅವನ ಮನೆಯಲ್ಲಿ ಅವನ ಅಪ್ಪ ಇದ್ದಾರೆ, ಪಾರ್ಶ್ವವಾಯು ಬಡಿದವರು. ಅವನ ಹೆಂಡತಿಗೂ ಸಕ್ಕರೆ ಕಾಯಿಲೆ.

ಬುಧವಾರ ಬೆಳಿಗ್ಗೆ ಡೈರಿಗೆ ಹೋದೆ. ಹಾಲು ಹಾಕಲು ಜನ ಸಾಲು ನಿಂತಿದ್ದರು. ಮಿಷನ್ನಿನ ಸ್ವಿಚ್ಚು ಹಾಕಲಿಲ್ಲ. ಮೆಟ್ಟಿಲ ಮೇಲೆ ನಿಂತು, ಮಾಸ್ಕ್ ಹಾಕಿಕೊಂಡೇ, ಗಟ್ಟಿಯಾಗಿ ಹೇಳಿದೆ. ಅಕ್ಕನ ಮಾತು ಮೀರುತ್ತಿದ್ದೇನೆ ಎಂದು ಗೊತ್ತಿತ್ತು. ಮಾತು ಒಪ್ಪವಾಗಿ ಬರಲಿಲ್ಲ, ಮಧ್ಯೆ ಉಸಿರು ಸಿಕ್ಕಿಕೊಂಡಿತು, ಎರಡು ಸಲ ಕೂತು ಎದ್ದೆ. ಆದರೆ ಮಂಗಳವಾರವೇ ನನಗೆ ವಾಸನೆ ಹೋಗಿತ್ತು ಅನ್ನುವುದನ್ನೂ, ಎರಡು ದಿನ ನಟಿಸಿದೆ ಅನ್ನುವುದನ್ನೂ, ಅಕ್ಕ ಸೂಜಿ ಹಾಕಿಸಿಕೊಳ್ಳದೆ ಸತ್ತಳು, ಹಾಕಿಸಿಕೊಂಡು ಸತ್ತದ್ದಲ್ಲ ಅನ್ನುವುದನ್ನೂ ಎಲ್ಲರಿಗೂ ಕೇಳುವ ಹಾಗೆ ಹೇಳಿದೆ.

ನಿಂಗರಾಜ ಸಾಲಿನಲ್ಲಿ ಮೂರನೆಯವನಾಗಿದ್ದ. ಕ್ಯಾನನ್ನು ಕೆಳಗಿಟ್ಟು ಮುಂದೆ ಬಂದ.

"ನಮ್ಮವ್ವನ್ ಕ್ಯಾನ್‌ಗೆ ಬಗ್ಗಿದ್ಯಲ್ಲ, ಬುಧ್ವಾರ. ಆಗ್ಲೂ ನಿಂಗೆ ಗೊತ್ತಿತ್ತಾ?"

"ಗೊತ್ತಿತ್ತು," ಎಂದೆ.

ಅವನ ಕೈ ಮುಷ್ಟಿಯಾಯಿತು. ಹೊಡೆಯುತ್ತಾನೆ ಎಂದು ನಿಂತೇ ಇದ್ದೆ. ಹೊಡೆಯಲಿಲ್ಲ. ಕ್ಯಾನು ಎತ್ತಿಕೊಂಡು ಬೈಕಿಗೆ ಕಟ್ಟಿ ಹೊರಟುಹೋದ. ಅವನ ಹಿಂದೆ ಐದಾರು ಜನ ತಮ್ಮ ಕ್ಯಾನು ಎತ್ತಿಕೊಂಡರು. ಉಳಿದವರು ತಲೆ ಎತ್ತದೆ ಹಾಲು ಹಾಕಿ ಹೋದರು.

ಮಾರನೇ ದಿನ ಗುರುವಾರ. ಮಂಜುಳಾ ಬಾ ಅಂದಿದ್ದಕ್ಕೆ ಶಾಲೆ ಜಗುಲಿಯ ಮೂಲೆಯಲ್ಲಿ ಹೋಗಿ ಕೂತೆ. ಹತ್ತು ಗಂಟೆಯವರೆಗೆ ಯಾರೂ ಇಲ್ಲ. ಆಮೇಲೆ ಇಬ್ಬರು ಹೆಂಗಸರು ಬಂದರು, ಆಮೇಲೆ ಮೂವರು. ಏಳು ಜನ ಆದರು. ಬಾಟಲಿ ಒಡೆಯಲು ಇನ್ನೂ ಮೂವರು ಬೇಕು ಎಂದು ನರ್ಸಮ್ಮ ಬೀದಿ ನೋಡುತ್ತಾ ಕೂತರು. ಅರ್ಧ ಗಂಟೆ ಆಯಿತು. ಬಂದವರಲ್ಲಿ ಇಬ್ಬರು ಎದ್ದು ಹೋಗುವ ಮಾತಾಡಿದರು.

ಆಗ ಬೀದಿ ತಿರುವಿನಲ್ಲಿ ನಿಂಗರಾಜ ಕಾಣಿಸಿದ. ಹೆಂಡತಿ ಅವನ ಪಕ್ಕದಲ್ಲಿ ನಡೆದು ಬರುತ್ತಿದ್ದಳು. ಅಪ್ಪನನ್ನು ಅವನು ಮಗುವಿನ ಹಾಗೆ ಎರಡೂ ಕೈಯಲ್ಲಿ ಎತ್ತಿಕೊಂಡಿದ್ದ. ಜಗುಲಿ ಹತ್ತಿ ಅವರನ್ನು ಬೆಂಚಿನ ಮೇಲೆ ಕೂರಿಸಿ, ಅಂಗಿಯ ತೋಳು ಮಡಿಸಿ, "ಆಕವ್ವ," ಎಂದ. ಆಮೇಲೆ ಹೆಂಡತಿ, ಆಮೇಲೆ ತಾನು. ಮುಗಿದ ಮೇಲೆ ಅಪ್ಪನನ್ನು ಎತ್ತಿಕೊಂಡು ನನ್ನ ಮುಂದೆಯೇ ಇಳಿದು ಹೋದ. ನಾನು ಎದ್ದು ನಿಂತಿದ್ದೆ. ಅವನು ಈ ಕಡೆ ತಿರುಗಲಿಲ್ಲ.

ಇವತ್ತಿಗೂ ಅವನು ಹಾಲನ್ನು ಎರಡು ಮೈಲಿ ಆಚೆಯ ಪಕ್ಕದೂರಿನ ಡೈರಿಗೆ ಹಾಕುತ್ತಾನೆ, ದಿನಕ್ಕೆ ಎರಡು ಹೊತ್ತು. ಬೈಕು ನಮ್ಮ ಡೈರಿಯ ಮುಂದೆಯೇ ಹೋಗುತ್ತದೆ. ಮಾತಿಲ್ಲ, ಕತೆಯಿಲ್ಲ. ಎರಡನೇ ಸೂಜಿಗೆ ಮೂವರೂ ತಪ್ಪದೆ ಬಂದಿದ್ದರು.